ಟೈಲರಮ್ಮನ ರಕ್ತಪರೀಕ್ಷೆ

ಬಟ್ಟೆಯ ಒಳಮೈ ತಿರುವಿ ನೋಡದೆ ಟೈಲರಮ್ಮ ಯಾರ ಕೆಲಸವನ್ನೂ ಹಿಡಿಯುತ್ತಿರಲಿಲ್ಲ. ಜಿಪ್ ಹಾಕಿಸಲು ಬಂದವರ ಪ್ಯಾಂಟನ್ನು ಅವರೆದುರೇ ತಿರುವಿ, ಬಿಟ್ಟುಕೊಂಡ ಹೊಲಿಗೆ, ತೂತಾದ ಜೇಬು ಎಲ್ಲವನ್ನೂ ಬೆರಳಿಟ್ಟು ತೋರಿಸಿ, ಆಮೇಲೆ ಸೂಜಿಗೆ ದಾರ ಪೋಣಿಸುವವಳು. ಹೊಸ ಬಟ್ಟೆ ಹೊಲಿಯುವುದನ್ನು ಬಿಟ್ಟು ವರ್ಷಗಳಾಗಿದ್ದವು. ದೊಡ್ಡದನ್ನು ಚಿಕ್ಕದು ಮಾಡುವುದು, ಬಿಗಿಯಾದದ್ದನ್ನು ಬಿಚ್ಚಿ ಸಡಿಲ ಮಾಡುವುದು, ಅಷ್ಟೇ ಅವಳ ಅಂಗಡಿ. ಗಿರಾಕಿಗಳಲ್ಲಿ ಅರ್ಧ ಜನ ದಪ್ಪಗಾದವರು, ಇನ್ನರ್ಧ ಜನ ದಪ್ಪಗಾದದ್ದನ್ನು ಒಪ್ಪದವರು. ಇಬ್ಬರನ್ನೂ ಅವಳು ಒಂದೇ ಟೇಪಿನಿಂದ ಅಳೆದು, ಅಳತೆಯನ್ನು ಬಾಯಿಬಿಟ್ಟು ಹೇಳದೆ ಕಳಿಸುತ್ತಿದ್ದಳು.

ಗಂಡ ಸೈಕಲ್ಲಿನ ಬಿಡಿಭಾಗ ಮಾರುತ್ತ ಊರೂರು ಸುತ್ತುತ್ತಿದ್ದವನು. ಅಪಘಾತದಲ್ಲಿ ತೀರಿಕೊಂಡು ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಇರಲಿಲ್ಲ ಎಂದರೆ ಉಳಿಯಲಿಲ್ಲ. ಒಂದು ಬಸಿರು ಐದನೇ ತಿಂಗಳಲ್ಲಿ ಹೋಯಿತು, ಇನ್ನೊಂದು ತಿಂಗಳು ತುಂಬಿದರೂ ಉಸಿರಿಲ್ಲದೆ ಹುಟ್ಟಿತು. ‘ಇವಳ ಹೊಟ್ಟೇಲೇ ಏನೋ ಐಬಿದೆ’ ಎಂದು ಅತ್ತೆ ಕಂಡಕಂಡವರ ಮುಂದೆ ಹೇಳಿದ್ದಳು. ಟೈಲರಮ್ಮ ಒಂದು ದಿನವೂ ಎದುರು ಮಾತಾಡಲಿಲ್ಲ, ಯಾಕೆಂದರೆ ಅವಳೂ ಅದನ್ನೇ ನಂಬಿದ್ದಳು.

ಹೀಗೆ ಒಂಟಿಯಾಗಿ ಹೊಂದಿಕೊಂಡಿದ್ದವಳ ಅಂಗಡಿಯ ಛಾವಣಿ ಸೋರತೊಡಗಿತು. ಹೊಲಿಗೆ ಮೆಷಿನ್ನಿನ ನೆತ್ತಿಯ ಮೇಲೇ ತಟ್ಟೆಯಗಲದ ಕಲೆ. ಸೋರಿಕೆ ನಿಲ್ಲಿಸುವವನು ಎಂದು ಯಾರೋ ಕಳಿಸಿದವನು ಬಂದು, ಕಲೆಯನ್ನು ಒಂದು ಸಲ ನೋಡಿ, ತಾರಸಿ ಹತ್ತಿ ಅದರ ಎದುರು ತುದಿಗೆ ಹೋಗಿ ಕುಕ್ಕರಗಾಲಲ್ಲಿ ಕೂತ.

“ಕಲೆ ಇರೋದು ಇಲ್ಲಿ, ನೀವು ಅಲ್ಲಿ ಕೂತ್ಕೊಂಡ್ರಲ್ಲ” ಎಂದಳು ಏಣಿಯ ಮೇಲಿಂದ ಇವಳು.

“ನೀರು ಇಳಿದ ಕಡೇನೇ ಕಾಣ್ಬೇಕು ಅಂತೇನಿಲ್ಲ ಟೈಲರಮ್ಮ. ಒಳಗೊಳಗೇ ಹರ್ಕೊಂಡು ಹೋಗಿ ಇನ್ನೆಲ್ಲೋ ಕಾಣ್ಸುತ್ತೆ. ಪಾಪ, ಕಲೆ ಕಂಡ ಆ ರೂಮಿನೋರು ಸುಮ್ಸುಮ್ನೆ ಬೈಸ್ಕೊಳ್ತಾರೆ.”

ಬಿರುಕು ತುಂಬಿ, ಸುತ್ತ ಮಣ್ಣಿನ ಬದು ಕಟ್ಟಿ, ಇನ್ನೂ ಸೋರುತ್ತದೋ ನೋಡಲು ತಾರಸಿಯ ತುಂಬ ನೀರು ನಿಲ್ಲಿಸಿ ಹೊರಟ. ಸಂಜೆಗೇ ಇವಳು ಫೋನ್ ಮಾಡಿ ಒಳಗೆ ಛಾವಣಿ ಒಣಗಿದೆ, ಬಂದು ಕೂಲಿ ತಗೊಳ್ಳಿ ಎಂದಳು. “ಇವತ್ತೇ ಒಣಗಿದ್ರೆ ಅದಕ್ಕೆ ಬೆಲೆ ಇಲ್ಲ. ನೀರಿಗೆ ಇಳಿಯೋಕೆ ಟೈಮ್ ಕೊಡ್ಬೇಕು” ಎಂದ. ದಿನಾ ಬಂದು ನೋಡಿದ. ಸೋರಿಕೆ ನಿಂತದ್ದು ಖಾತ್ರಿಯಾದ ಮೇಲೂ ಬಂದು ನೋಡಿದ. ಟೈಲರಮ್ಮನ ಅಕ್ಕ ಎರಡು ಸಲ ಇದನ್ನು ಕಂಡು, “ಛಾವಣಿ ನೋಡೋಕೆ ಬರೋನು ಕತ್ತು ಎತ್ಬೇಕಲ್ಲೇ, ಇವನು ಎತ್ತೋದೇ ಇಲ್ವಲ್ಲ” ಎಂದು ನಕ್ಕಳು. ಹೀಗೆ ಮದುವೆಯ ಮಾತು ಶುರುವಾಯಿತು. ಇಬ್ಬರಿಗೂ ನಲವತ್ತು ದಾಟಿತ್ತು, ಕೇಳುವವರು ಯಾರೂ ಇರಲಿಲ್ಲ.

ತಾರಸಿಯವನು ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ತನ್ನ ಕಥೆಯನ್ನು ಮುಚ್ಚಿಡಲಿಲ್ಲ. ಹೆಂಡತಿ ಬಿಟ್ಟುಹೋದ ಮೇಲೆ, ಕಳೆದ ವರ್ಷ, ಬೇರೆ ಊರಿನ ಕೆಲಸಕ್ಕೆ ಹೋಗಿದ್ದಾಗ ಒಬ್ಬಳ ಜೊತೆ ಇದ್ದದ್ದು, ಕಾಂಡೋಮ್ ಬಳಸದೇ ಇದ್ದದ್ದು, ಎಲ್ಲ ಹೇಳಿದ. ಕೊನೆಗೆ, “ಆದ್ರೆ ನೀವೇನೂ ಹೆದರ್ಬೇಡಿ. ಮಾರನೇ ದಿನವೇ ಹೋಗಿ ಟೆಸ್ಟ್ ಮಾಡಿಸ್ಕೊಂಡೆ. ಏನೂ ಇಲ್ಲ ಅಂತ ಬಂತು” ಎಂದ.

ಟೈಲರಮ್ಮನಿಗೆ ಚುಚ್ಚಿದ್ದು ನಿಜ. ಆದರೆ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟು ಕೇಳಿದ್ದು ಬೇರೆಯದನ್ನು.

“ಮಾರನೇ ದಿನವೇನಾ?”

“ಹೂಂ. ಬೆಳಿಗ್ಗೇನೇ.”

“ಸಂಜೆಗೇ ಒಣಗಿದ್ರೆ ಬೆಲೆ ಇಲ್ಲ ಅಂತ ನನಗೆ ಪಾಠ ಮಾಡಿದೋರು ನೀವೇ ಅಲ್ವಾ?”

ಅವನು ಕಿವಿಯ ತನಕ ಕೆಂಪಾದ. ಊರವರ ತಾರಸಿಗೆಲ್ಲ ದಿನಗಟ್ಟಲೆ ನೀರು ನಿಲ್ಲಿಸುವವನಿಗೆ ತನ್ನ ಮೈಯ ವಿಷಯದಲ್ಲಿ ಅದು ಹೊಳೆದೇ ಇರಲಿಲ್ಲ. ಟೈಲರಮ್ಮ ಷರತ್ತು ಹಾಕಿದಳು: ಮೊದಲು ಪರೀಕ್ಷೆ, ಆಮೇಲೆ ಮದುವೆಯ ನೋಂದಣಿ. ರಿಸಲ್ಟ್ ಸರಿ ಬರದಿದ್ದರೆ ಮದುವೆಯ ಮಾತು ಅಲ್ಲಿಗೇ ಮುಗಿಯಿತು. ಇದನ್ನು ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಬೀಗುವಿಕೆಯೂ ಇತ್ತು. ಹುಟ್ಟಿದಂದಿನಿಂದ ಒಬ್ಬ ಗಂಡನ ಹೊರತು ಯಾರನ್ನೂ ಕಾಣದವಳಿಗೆ ಅಷ್ಟು ಹಕ್ಕು ಇದೆ ಎಂದು ಅವಳ ಲೆಕ್ಕ.

ಕ್ಲಿನಿಕ್ಕಿನ ಕೌನ್ಸೆಲರ್ ಕೋಣೆ ಎಂದರೆ ಒಂದು ಮೇಜು, ಮೂರು ಕುರ್ಚಿ, ಕಿರುಗುಟ್ಟುವ ಫ್ಯಾನು. ಕೌನ್ಸೆಲರ್ ಚಿಕ್ಕ ವಯಸ್ಸಿನ ಹೆಂಗಸು, ಕೇಳುವುದನ್ನು ತರಕಾರಿ ರೇಟು ಕೇಳಿದಷ್ಟು ಸಲೀಸಾಗಿ ಕೇಳುತ್ತಿದ್ದಳು. ತಾರಸಿಯವನು ತಡವರಿಸಿದರೂ ಎಲ್ಲಕ್ಕೂ ಉತ್ತರ ಕೊಟ್ಟ. ಮಾರನೇ ದಿನದ ಪರೀಕ್ಷೆಯ ಸಂಗತಿ ಬಂದಾಗ ಅವಳು ನಗಲಿಲ್ಲ.

“ಬೇಗ ಹೋಗಿದ್ದು ತಪ್ಪಲ್ಲ. ಭಯ ಇದ್ರೆ ತಕ್ಷಣವೇ ಬರ್ಬೇಕು. ಎಚ್‌ಐವಿ ತಡೆಯೋ ಮಾತ್ರೆ ಇದೆ, ಮೂರು ದಿನದೊಳಗೆ ಶುರು ಮಾಡಿದ್ರೆ ಮಾತ್ರ ಉಪಯೋಗ. ಆದ್ರೆ ಅವತ್ತಿನ ರಿಸಲ್ಟು ವಾರಗಟ್ಟಲೆ ಹಿಂದಿನದನ್ನ ಹೇಳುತ್ತೆ, ಹಿಂದಿನ ರಾತ್ರಿದನ್ನ ಹೇಳಲ್ಲ. ಕೆಲವು ಸೋಂಕು ಒಂದೆರಡು ವಾರಕ್ಕೆ ಸಿಗ್ತವೆ. ಎಚ್‌ಐವಿ, ಸಿಫಿಲಿಸ್ ಅಂಥವಕ್ಕೆ ಮೂರು ತಿಂಗಳಾದ್ಮೇಲೆ ಇನ್ನೊಂದ್ಸಲ ನೋಡ್ಬೇಕು. ಈಗ ವರ್ಷ ಆಗಿದೆ, ಇವತ್ತು ನೋಡಿದ್ರೆ ಸರಿಯಾಗಿ ಗೊತ್ತಾಗುತ್ತೆ.” ಆಮೇಲೆ ಟೈಲರಮ್ಮನ ಕಡೆ ತಿರುಗಿದಳು. “ಅಮ್ಮಾ, ನೀವು?”

“ನಾನಾ? ನಾನು ಜೊತೆಗೆ ಬಂದಿದೀನಿ ಅಷ್ಟೆ. ನನಗೆಂಥ ಟೆಸ್ಟು.”

“ಹೊಸ ಸಂಬಂಧ ಅಂದ್ರೆ ಇಬ್ಬರೂ ಮಾಡಿಸ್ಕೊಳ್ಳೋದು ಒಳ್ಳೇದು. ಮೊದಲು ಯಾವತ್ತಾದ್ರೂ ಮಾಡಿಸಿದೀರಾ?”

“ನಾನು ಅಂಥೋಳಲ್ಲಮ್ಮ.”

“ನಿಮ್ಮ ನಡತೆ ಕೇಳ್ತಿಲ್ಲ ನಾನು” ಎಂದಳು ಕೌನ್ಸೆಲರ್ ಮೆಲ್ಲಗೆ. “ನೀವು ಒಬ್ಬರ ಜೊತೆನೇ ಇದ್ರಿ. ಅವರು ಯಾರ ಜೊತೆ ಇದ್ರು ಅಂತ ನಿಮಗೆ ಗೊತ್ತಾ? ಮೈಮೇಲೆ ಏನೂ ಕಾಣಿಸ್ದೇ ಇದ್ರೂ ಕೆಲವು ಸೋಂಕು ವರ್ಷಾನುಗಟ್ಟಲೆ ಒಳಗೇ ಇರ್ತವೆ.”

ಟೈಲರಮ್ಮನಿಗೆ ಮೈಯುರಿಯಿತು. ಸತ್ತವನ ಮೇಲೆ ಯಾರೋ ಬೆರಳು ತೋರಿಸಿದಂತಾಯಿತು. ಆದರೂ ತೋಳು ಮುಂದೆ ಮಾಡಿದಳು, ಈ ಹುಡುಗಿಯ ಬಾಯಿ ಮುಚ್ಚಿಸಿದಂತಾಗಲಿ ಎಂದು.

ಫಲಿತಾಂಶದ ದಿನ ಒಬ್ಬೊಬ್ಬರನ್ನೇ ಒಳಗೆ ಕರೆದರು. ತಾರಸಿಯವನು ಹೋದಷ್ಟೇ ಬೇಗ ಹೊರಗೆ ಬಂದು, ಪರೀಕ್ಷೆಯಲ್ಲಿ ಪಾಸಾದವನ ಹಾಗೆ ಹಲ್ಲು ಕಿರಿದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಟೈಲರಮ್ಮನಿಗೂ ಎದೆಯ ಭಾರ ಇಳಿಯಿತು. ತನ್ನದು ಬರೀ ಶಾಸ್ತ್ರಕ್ಕೆ ಎಂದುಕೊಂಡು ಒಳಗೆ ಹೋದಳು.

ಡಾಕ್ಟರಮ್ಮ ಬಾಗಿಲು ಮುಚ್ಚಿದರು. ರಕ್ತದಲ್ಲಿ ಸಿಫಿಲಿಸ್ ಇದೆ ಎಂದರು. ಅದಲುಬದಲಾಗಿರಬೇಕು, ಅವರದ್ದಿರಬೇಕು ನೋಡಿ ಎಂದಳು ಇವಳು. ಎರಡನೇ ವಿಧಾನದಲ್ಲೂ ನೋಡಿ ಖಚಿತ ಮಾಡಿಕೊಂಡಿದ್ದೇವೆ ಎಂದರು. ತುಂಬ ಹಳೆಯದು, ಈ ಹಂತದಲ್ಲಿ ಸಾಮಾನ್ಯವಾಗಿ ಜೊತೆಗಿರುವವರಿಗೆ ಹರಡುವುದಿಲ್ಲ, ಆದರೆ ಹಾಗೇ ಬಿಟ್ಟರೆ ಹೃದಯಕ್ಕೋ ಮೆದುಳಿಗೋ ತೊಂದರೆ. ವಾರಕ್ಕೊಂದರಂತೆ ಮೂರು ಇಂಜೆಕ್ಷನ್, ವಾಸಿಯಾಗುತ್ತದೆ. ಆಮೇಲೆ ಆಗಾಗ ಬಂದು ರಕ್ತ ಕೊಟ್ಟುಹೋದರೆ ಸಾಕು. ಇಷ್ಟು ಹೇಳಿ, ಸ್ವಲ್ಪ ತಡೆದು, “ಬಸಿರು ನಿಲ್ಲದೆ ಹೋಗಿದ್ದು ಏನಾದ್ರೂ ಇತ್ತಾಮ್ಮ?” ಎಂದು ಕೇಳಿದರು.

ಅವಳು ಹೇಳಿದಳು. ಐದನೇ ತಿಂಗಳಿನದು. ತುಂಬಿದ ತಿಂಗಳಿನದು.

“ಇದರಿಂದ್ಲೇ ಅಂತ ಈಗ ಹೇಳೋಕಾಗಲ್ಲ. ಆಗಿರಬಹುದು. ಬಸಿರಿದ್ದಾಗ ಒಂದು ಸಲ ರಕ್ತ ನೋಡಿದ್ದಿದ್ರೆ, ಆಗ್ಲೇ ಇಂಜೆಕ್ಷನ್ ಕೊಟ್ಟಿದ್ದಿದ್ರೆ…” ಡಾಕ್ಟರಮ್ಮ ಇಂಜೆಕ್ಷನ್ನಿನ ಚೀಟಿ ಬರೆಯತೊಡಗಿದರು.

ಟೈಲರಮ್ಮ ಅಲ್ಲಿ ಅಳಲಿಲ್ಲ. ಸೊಂಟದ ಕೆಳಗೆ ಇಂಜೆಕ್ಷನ್ ಚುಚ್ಚಿಸಿಕೊಂಡಾಗ, ಅದು ಬಹಳ ನೋಯುವ ಇಂಜೆಕ್ಷನ್, ಆಗಲೂ ಅಳಲಿಲ್ಲ. ಗಂಡನ ಮೇಲೆ ತಡೆಯಲಾರದಷ್ಟು ಸಿಟ್ಟು ಬಂತು. ಜೊತೆಗೇ, ನಾಚಿಕೆಯಾಗುವಂಥ ಒಂದು ನೆಮ್ಮದಿಯೂ ಬಂತು. ಈ ಹೊಟ್ಟೆಯಲ್ಲಿ ಐಬು ಇರಲಿಲ್ಲವೇನೋ ಎಂಬ ನೆಮ್ಮದಿ. ಎರಡೂ ಒಟ್ಟಿಗೆ ಬಂದು ಅವಳಿಗೆ ಯಾವುದನ್ನು ಮೊದಲು ಅನುಭವಿಸಬೇಕೋ ತಿಳಿಯಲಿಲ್ಲ.

ಮದ್ದು ಒಗ್ಗುತ್ತದೋ ಇಲ್ಲವೋ ನೋಡಲು ಅರ್ಧ ಗಂಟೆ ಹೊರಗೆ ಕೂರಬೇಕು ಎಂದರು ನರ್ಸಮ್ಮ. ಕಾರಿಡಾರಿನಲ್ಲಿ ತಾರಸಿಯವನು ಪಕ್ಕದ ಕುರ್ಚಿಯ ಮೇಲೆ ಚೀಲವಿಟ್ಟು ಜಾಗ ಹಿಡಿದಿದ್ದ. ಅವಳು ಒಂದೇ ಪಕ್ಕಕ್ಕೆ ಭಾರ ಹಾಕಿ ಕೂತಳು. ರಿಸಲ್ಟ್ ಸರಿ ಬರದಿದ್ದರೆ ಮಾತು ಮುಗಿಯಿತು ಎಂದವಳು ತಾನೇ. ಈ ಮನುಷ್ಯ ಎದ್ದು ಹೋದರೆ ತಡೆಯುವ ಬಾಯಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನು ಹೋಗಬಾರದು ಎಂದು ತಾನು ಎಷ್ಟು ಆಸೆಪಟ್ಟಿದ್ದೇನೆ ಎನ್ನುವುದು ಮಾತ್ರ ಈಗಷ್ಟೇ ಗೊತ್ತಾಯಿತು.

ಎಲ್ಲವನ್ನೂ ಹೇಳಿದಳು. ಯಾವುದನ್ನೂ ಮಡಚಿಡಲಿಲ್ಲ.

ಅವನು ತನ್ನ ಕೈಗಳನ್ನೇ ನೋಡುತ್ತ ಕೂತ. ಉಗುರಿನ ಸಂದಿನಲ್ಲಿ ಸಿಮೆಂಟಿನ ಬೂದು ಹಾಗೇ ಇತ್ತು.

“ಆ ರೂಮಿನೋರು ಸುಮ್ಸುಮ್ನೆ ಬೈಸ್ಕೊಳ್ತಾರೆ ಅಂದಿದ್ರಲ್ಲ” ಎಂದಳು ಅವಳು. “ಬೈಸ್ಕೊಂಡೋಳು ನಾನು. ಷರತ್ತು ಹಾಕಿದ್ದೂ ನಾನೇ. ನೀವು ಹೊರಡೋದಾದ್ರೆ ಹೊರಡಿ, ನಾನೇನೂ ಅಂದ್ಕೊಳಲ್ಲ.”

“ಮುಂದಿನ ಇಂಜೆಕ್ಷನ್ ಯಾವತ್ತು?”

“ಮುಂದಿನ ವಾರ. ಇದೇ ದಿನ.”

“ಅವತ್ತು ಯಾರ ತಾರಸೀನೂ ಒಪ್ಕೊಳಲ್ಲ ಬಿಡಿ” ಎಂದ ಅವನು. ಚೀಲವನ್ನು ನೆಲಕ್ಕಿಟ್ಟು, ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.

ಆಗ ಅವಳಿಗೆ ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅರ್ಧ ಗಂಟೆಯಲ್ಲಿ ಇನ್ನೂ ಬಹಳ ಉಳಿದಿತ್ತು. ತುಂಬಿದ ತಿಂಗಳಿನ ಮಗು ಹೇಗಿತ್ತು ಎಂದು ಅವಳನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವಳೂ ಯಾರಿಗೂ ಹೇಳಿರಲಿಲ್ಲ.

“ಹೆಣ್ಣು ಮಗು ಅದು” ಎಂದಳು. “ತಲೆ ತುಂಬ ಕೂದಲಿತ್ತು.”