ಡಬ್ಬಿ ಮಾಲಲ್ಲ

ಚಳಿಗಾಲ ಬಂತೆಂದರೆ ಆಪಾ ಅವರ ಮೂಗುತಿಯ ಸುತ್ತಲಿನ ಚರ್ಮ ಕೆಂಪಾಗಿ ಬಿರಿಯುತ್ತಿತ್ತು. ಇಲ್ಲಿಯ ಗಾಳಿಗೆ ಮೊದಲು ತಣ್ಣಗಾಗುವುದು ಲೋಹ, ಆಮೇಲೆ ಮೈ. ಅದಕ್ಕೇ ಅವರು ಚಹಾದ ಲೋಟವನ್ನು ತುಟಿಗಿಡುವ ಮೊದಲು ಮೂಗಿನ ಎಡಭಾಗಕ್ಕೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಕಾಯಿಸಿಕೊಳ್ಳುತ್ತಿದ್ದರು. ತೆಗೆದಿಡಿ ಆಪಾ ಎಂದರೆ, ತೆಗೆದರೆ ತೂತು ಮುಚ್ಚಿಹೋಗುತ್ತದೆ, ಆಮೇಲೆ ಈ ಊರಲ್ಲಿ ಚುಚ್ಚುವವರು ಯಾರು ಎಂದು ನನ್ನನ್ನೇ ಕೇಳುತ್ತಿದ್ದರು.

ಐರ್ಲೆಂಡಿನಲ್ಲಿ, ಡಬ್ಲಿನ್ನಿನ ಪಶ್ಚಿಮಕ್ಕೆ, ಕ್ಲಾಂಡಾಲ್ಕಿನ್‌ನಲ್ಲಿ, ಒಂದು ಕ್ಷೌರದಂಗಡಿಯ ಪಕ್ಕ ಅವರ ಅಂಗಡಿ. ಹೊರಗಿನ ಬೋರ್ಡಿನಲ್ಲಿ ಏಷಿಯನ್ ಫುಡ್ಸ್ ಎಂದಿತ್ತು. ಒಳಗೆ ಹೋದರೆ ಗದಗಿನ ವಾಸನೆ. ಜೋಳದ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿ, ಗುರೆಳ್ಳು, ಅಗಸಿ ಚಟ್ನಿ. ಗಿರಾಕಿಗಳ ಹೆಸರು ಅವರು ಕೇಳುತ್ತಿರಲಿಲ್ಲ, ಊರು ಕೇಳುತ್ತಿದ್ದರು. ಆಮೇಲೆ ಜೀವನಪೂರ್ತಿ ಅದೇ ಹೆಸರು. ಹತ್ತಿರದ ಸಿಟಿವೆಸ್ಟಿನ ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದವರು ಇವರಿಗೆ ಬರೀ ‘ದಾವಣಗೆರಿ’. ನಾನು ‘ಮೈಸೂರವ್ವ’. ನಮಗೆಲ್ಲ ಅವರು ಆಪಾ, ಅಂದರೆ ಅಕ್ಕ.

ನನ್ನ ಗಂಡನ ಕೆಲಸದ ಹಿಂದೆ ಬಂದವಳು ನಾನು. ಮೊದಲ ವರ್ಷ ಮಾತಾಡಲು ಜನವಿಲ್ಲದೆ, ಬೇಕಿಲ್ಲದ ಉದ್ದಿನಬೇಳೆ ಕೊಳ್ಳಲು ಅವರ ಅಂಗಡಿಗೆ ಹೋಗುತ್ತಿದ್ದೆ. ಒಂದು ದಿನ ಅವರು ನನ್ನ ಕೈಯಿಂದ ಪ್ಯಾಕೆಟ್ ತೆಗೆದು ಮತ್ತೆ ಶೆಲ್ಫಿಗಿಟ್ಟು, “ಬ್ಯಾಳಿ ಮನ್ಯಾಗ ರಗಡ್ ಐತಿ ನಿನಗ. ಬಾ, ಕುಂದರು” ಎಂದರು. ಅಂದಿನಿಂದ ಕೌಂಟರಿನ ಒಳಗಿನ ಸ್ಟೂಲು ನನ್ನದಾಯಿತು.

ಮಗಳು ಹುಟ್ಟಿದಾಗ ನನ್ನ ಅಮ್ಮನಿಗೆ ಬರಲಾಗಲಿಲ್ಲ. ಬಾಣಂತಿ ನಾನು, ಬ್ರೆಡ್ಡು ತಿನ್ನುತ್ತ ಕೂತಿದ್ದೆ. ಆಪಾ ಅಂಗಡಿ ಮುಚ್ಚಿ ಬಸ್ಸಿನಲ್ಲಿ ಬಂದು, ಕೊಬ್ಬರಿ, ಉತ್ತತ್ತಿ, ಗೋಂದು ಹುರಿದು ಹಾಕಿದ ಅಂಟಿನುಂಡೆ ತಂದರು. ನಮ್ಮ ಕಡೆ ಅದನ್ನು ನಾನು ತಿಂದೇ ಇರಲಿಲ್ಲ. ಸೊಂಟಕ್ಕೆ ಬಟ್ಟೆ ಬಿಗಿದು ಕಟ್ಟಿದರು, ಮಗುವಿಗೆ ಎಣ್ಣೆ ಹಚ್ಚಿದರು, ನಾನು ಅತ್ತರೆ ಅಳಲು ಬಿಟ್ಟರು. ತಿಂಗಳು ಪೂರ್ತಿ ಹೀಗೆ. ಆ ಮಗಳು ಈಗ ಐರಿಷ್ ಹುಡುಗಿಯರ ಹಾಗೆಯೇ ಮಾತಾಡುತ್ತಾಳೆ. ಅವಳಿಗೆ ಆಪಾ ಹಾಕಿದ್ದ ನಿಯಮ ಒಂದೇ: ಕನ್ನಡದಲ್ಲಿ ಕೇಳಿದರೆ ಚಿಕ್ಕಿ, ಇಂಗ್ಲಿಷಿನಲ್ಲಿ ಕೇಳಿದರೆ ಇಲ್ಲ. “ಆಪಾ, ಚಿಕ್ಕಿ ಕೊಡ್ರಿ, ಪ್ಲೀಸ್” ಎಂದು ಅವಳು ಎಳೆದೆಳೆದು ಹೇಳುವಾಗ ಆಪಾ ಕೌಂಟರಿಗೆ ತಲೆಯಿಟ್ಟು ನಗುತ್ತಿದ್ದರು.

ಅಂಗಡಿಯ ಮಾಲೆಲ್ಲ ಬರುತ್ತಿದ್ದದ್ದು ಇಂಗ್ಲೆಂಡಿನ ಲೆಸ್ಟರ್‌ನಿಂದ. ಅಲ್ಲಿ ಅವರ ಒಬ್ಬರೇ ತಂಗಿ ಇದ್ದರು. ತಂಗಿಯ ಗಂಡ ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಕೆಲಸಕ್ಕಿದ್ದು, ಆಪಾಗೆ ಬೇಕಾದ ಚೀಲಗಳನ್ನೆಲ್ಲ ಆರಿಸಿ ಕಟ್ಟಿಸುತ್ತಿದ್ದರು. ಒಬ್ಬರು ಲಾರಿಯವರು ಇಲ್ಲಿಯ ನಾಲ್ಕಾರು ಅಂಗಡಿಗಳ ಸಾಮಾನು ಒಟ್ಟಿಗೇ ಹೇರಿಕೊಂಡು, ಹಡಗು ಹತ್ತಿಸಿ, ಡಬ್ಲಿನ್ ಬಂದರಿನಲ್ಲಿ ಇಳಿಸುತ್ತಿದ್ದರು. ಈ ಮಾಲಿನ ನಡುವೆ ಅಕ್ಕತಂಗಿಯರ ಸ್ಟೀಲಿನ ಡಬ್ಬಿಯೊಂದು ವರ್ಷಗಟ್ಟಲೆ ಸಮುದ್ರದ ಮೇಲೆ ಓಡಾಡಿಕೊಂಡಿತ್ತು. ಇಲ್ಲಿಂದ ಚಟ್ನಿ ಪುಡಿ ಹೋದರೆ ಅಲ್ಲಿಂದ ತುಪ್ಪದ ಉಂಡೆ. ಇಲ್ಲಿಂದ ಕರಿಹಿಂಡಿ ಹೋದರೆ ಅಲ್ಲಿಂದ ಪೇಡೆ. ಡಬ್ಬಿಯನ್ನು ಖಾಲಿ ಕಳಿಸಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕಳಿಸಬೇಕು. ಅವರ ತಾಯಿ ಕಲಿಸಿದ್ದು. ನನ್ನ ತಾಯಿಯೂ ಅದನ್ನೇ ಕಲಿಸಿದ್ದರು.

ಇಂಗ್ಲೆಂಡು ಯುರೋಪಿನ ಒಕ್ಕೂಟ ಬಿಟ್ಟು ಹೋಗುತ್ತದೆ ಎಂಬ ಸುದ್ದಿ ಅಂಗಡಿಯ ಟಿವಿಯಲ್ಲಿ ವರ್ಷಗಟ್ಟಲೆ ಬಂತು. ಪಕ್ಕದ ಕ್ಷೌರದವನು ದಿನಾ ಬಂದು ಇಂಗ್ಲೆಂಡಿನವರನ್ನು ಬೈದು, ಕೊನೆಗೆ ಇಲ್ಲಿಯವರ ಹಾಗೆ ಎಲ್ಲ ‘ಗ್ರಾಂಡ್’, ಅಂದರೆ ಸರಿ, ಆಗುತ್ತದೆ ಎಂದು ಸಮಾಧಾನ ಹೇಳಿ ಹೋಗುತ್ತಿದ್ದ. ಬಿಟ್ಟದ್ದೂ ಆಯಿತು. ನಾವಿದ್ದ ದೇಶ ಒಕ್ಕೂಟದಲ್ಲೇ ಉಳಿಯಿತು. ಲಾರಿಯವರು ಹೊಸ ನಿಯಮ ತಿಳಿಸಿದರು: ಹಾಲು, ತುಪ್ಪ, ಪನೀರು, ಮಾಂಸ ಇದ್ದರೆ ಪಶುವೈದ್ಯರ ಸರ್ಟಿಫಿಕೇಟ್ ಬೇಕು, ಲಾರಿಯಲ್ಲಿ ಒಬ್ಬರ ಮಾಲು ತಪ್ಪಿದ್ದರೆ ಎಲ್ಲರ ಮಾಲೂ ನಿಲ್ಲುತ್ತದೆ. ಆಪಾ ಅದನ್ನು ತಂಗಿಗೆ ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ತಂಗಿ ಚೆನ್ನಾಗಿ ಪಾಲಿಸಿದರು. ಚೀಲಗಳ ನಡುವೆ ಒಂದು ತೊಟ್ಟು ತುಪ್ಪ ಬರಲಿಲ್ಲ. ಆದರೆ ರಂಜಾನಿಗೆ ಮುಂಚಿನ ಆ ಲೋಡಿನಲ್ಲಿ, ಮೆಣಸಿನಕಾಯಿ ಚೀಲದ ಹೊಟ್ಟೆಯೊಳಗೆ, ಬಟ್ಟೆ ಸುತ್ತಿ, ಅಕ್ಕನಿಗೆಂದು ಡಬ್ಬಿ ತುಂಬ ಪೇಡೆ ಇಟ್ಟರು. ನಿಯಮ ಮರೆತು ಅಲ್ಲ. ಅವರ ಮನಸ್ಸಿನಲ್ಲಿ ಮಾಲು ಎಂದರೆ ಮಾರುವುದು. ಡಬ್ಬಿ ಮಾಲಲ್ಲ, ಮನೆಯದು.

ಬಂದರಿನಿಂದ ಕರೆ ಬಂದ ದಿನ ಟ್ಯಾಕ್ಸಿ ಓಡಿಸುವ ಆಪಾ ಅವರ ಗಂಡ ದೂರದ ಬಾಡಿಗೆಗೆ ಹೋಗಿದ್ದರು. ಕಾರು ತೆಗೆದುಕೊಂಡು ಜೊತೆಗೆ ಬಾ ಎಂದರು ಆಪಾ. ಹೋದೆ. ದೊಡ್ಡ ಶೆಡ್ಡಿನಲ್ಲಿ ಲಾರಿಯ ಸಾಮಾನೆಲ್ಲ ಇಳಿಸಿ ಹರವಿದ್ದರು. ಮೇಜಿನ ಮೇಲೆ ಡಬ್ಬಿ ಬಾಯಿ ತೆರೆದು ಕೂತಿತ್ತು. ಕೈಗವಸು ಹಾಕಿದ್ದ ಅಧಿಕಾರಿ ಹೆಂಗಸು ಬಹಳ ಮರ್ಯಾದೆಯಿಂದ ಮಾತಾಡಿದಳು. ಘಮ ತುಂಬ ಚೆನ್ನಾಗಿದೆ, ಆದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದಳು. ಪ್ರತಿ ಪೇಡೆಯ ನಡುವೆ ಹೆಬ್ಬೆರಳಿನಿಂದ ಒತ್ತಿದ ಗುಳಿ ಇತ್ತು. ಬೆರಳಿನ ಗೆರೆ ಕೂಡ ಕಾಣುತ್ತಿತ್ತು. ಆಪಾ ಅದನ್ನು ನೋಡುತ್ತ ನಿಂತರು. ಒಂದನ್ನು ತಿನ್ನಬಹುದೇ ಎಂದು ಕೇಳು ಎಂದರು ನನಗೆ. ಕೇಳಿದೆ. ಆಗುವುದಿಲ್ಲ ಎಂದಳು. ಹಾಗಾದರೆ ಮುಟ್ಟಬಹುದೇ ಎಂದು ಕೇಳು ಎಂದರು. ನಾನು ಕೇಳಲಿಲ್ಲ. ಅವರೇ ಅರ್ಥ ಮಾಡಿಕೊಂಡು ಕೈ ಹಿಂದಕ್ಕೆ ತೆಗೆದುಕೊಂಡರು.

ಹೊರಗೆ ಬಂದು ಕಾರಿನಲ್ಲಿ ಕೂತ ಮೇಲೆ ನಕ್ಕರು. “ನೋಡವಾ, ಕಣ್ಣಿಗ ಕಂಡಲ್ಲೆಲ್ಲ ಆಕಳಾ ಇರೋ ದೇಶ ಇದು. ಇಲ್ಲಿಗೆ ನಾವು ಹಾಲು ಕದ್ದು ತಂದೀವಂತ.” ಆ ನಗು ನಡುವೆಯೇ ಒಡೆಯಿತು. ಆಮೇಲೆ ನನ್ನ ಮೊಣಕೈ ಹಿಡಿದರು. “ತಂಗಿಗೆ ಗೊತ್ತಾಗಬಾರದು. ಸಮುದ್ರದಾಗ ಬಿರುಗಾಳಿ ಎದ್ದು ಮಾಲು ನೆಂದು ಹೋತು ಅಂತ ಹೇಳ್ತೀನಿ. ನೀನೂ ಹಂಗ ಹೇಳಬೇಕು. ಗೊತ್ತಾತಂದ್ರ ಆಕಿ ಮತ್ತ ಒಲಿ ಮುಂದ ನಿಂದ್ರೂದಿಲ್ಲ.”

ಆಗಲಿ ಎಂದೆ.

ಲಾರಿಯ ಮಾಲು ದಿನಗಟ್ಟಲೆ ನಿಂತಿತು. ನುಗ್ಗೆ, ಬದನೆ, ಕರಿಬೇವು ಕೊಳೆತವು, ಬೇರೆ ಅಂಗಡಿಗಳದ್ದೂ ಸೇರಿ. ಉಳಿದದ್ದನ್ನು ವಾಪಸ್ ಕಳಿಸಿದರು. ರಂಜಾನಿನ ವ್ಯಾಪಾರ ಇಲ್ಲವಾಯಿತು. ಲಾರಿಯವರು ಇನ್ನು ನಿಮ್ಮ ಸಾಮಾನು ಹತ್ತಿಸುವುದಿಲ್ಲ ಎಂದರು. ಅವರ ತಪ್ಪಿಲ್ಲ. ಉಳಿದ ಅಂಗಡಿಯವರು ಆಪಾ ಅವರನ್ನು ದಾರಿಯಲ್ಲಿ ಕಂಡರೆ ಫೋನು ನೋಡುತ್ತ ಹೋಗುತ್ತಿದ್ದರು. ಆಪಾ ಒಕ್ಕೂಟದೊಳಗಿನ ಹಾಲೆಂಡಿನ ಕಡೆಯಿಂದ ತರಿಸಲು ನೋಡಿದರು. ಅಲ್ಲಿಯವರಿಗೆ ಒಂದು ಸಣ್ಣ ಅಂಗಡಿಗೆ ಬೇಕಾಗುವಷ್ಟು ಮಾತ್ರ ಕಳಿಸುವ ಪುರುಸೊತ್ತಿಲ್ಲ. ಜೋಳದ ಹಿಟ್ಟಂತೂ ಬರಲೇ ಇಲ್ಲ. ಹಿಟ್ಟಿಲ್ಲದ ಮೇಲೆ ಗದಗಿನವರು, ವಿಜಯಪುರದವರು ಯಾಕೆ ಬರುತ್ತಾರೆ?

ತಂಗಿ ಪ್ರತಿ ಶುಕ್ರವಾರ ನಮಾಜಿನ ನಂತರ ವಿಡಿಯೊ ಕಾಲ್ ಮಾಡುತ್ತಿದ್ದರು. ಅದಕ್ಕೆ ಮುಂಚೆ ಆಪಾ ನನ್ನನ್ನು ಕರೆದು, ಎಲ್ಲ ಶೆಲ್ಫಿನ ಪ್ಯಾಕೆಟ್ಟುಗಳನ್ನೂ ಒಂದೇ ಶೆಲ್ಫಿಗೆ ಜೋಡಿಸಲು ಹೇಳುತ್ತಿದ್ದರು. ಆ ತುಂಬಿದ ಶೆಲ್ಫಿನ ಮುಂದೆ ನಿಂತು, ಮಾಲು ಈಗ ಹಾಲೆಂಡಿನಿಂದ ಬರುತ್ತದೆ, ಚಲೋ ಐತಿ, ಗಿರಾಕಿ ಜಗ್ಗಿ ಎನ್ನುತ್ತಿದ್ದರು. ತಂಗಿ ಮಾಷಾಅಲ್ಲಾಹ್ ಎನ್ನುತ್ತಿದ್ದರು. ಫೋನು ಇಟ್ಟ ಮೇಲೆ ಪ್ಯಾಕೆಟ್ಟುಗಳನ್ನು ಮತ್ತೆ ಹರವುತ್ತಿದ್ದೆವು.

ಕೊನೆಗೆ ಅಂಗಡಿ ಮುಚ್ಚಿತು. ಆಪಾ ಸಿಟಿವೆಸ್ಟಿನ ಒಂದು ಆಫೀಸಿನ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದರು. ನಾನು ಹೇಳಿದೆ, “ಆಪಾ, ಈಗಾದ್ರೂ ಹೇಳ್ಬಿಡಿ. ಎಷ್ಟ್ ದಿನ ಅಂತ ಹೀಗೆ?” ಅವರು ತಲೆ ಅಲ್ಲಾಡಿಸಿದರು. ಶುಕ್ರವಾರ ಕೆಲಸಕ್ಕೆ ರಜೆ ಹಾಕಿ, ಬೇರೊಬ್ಬರ ದೊಡ್ಡ ಅಂಗಡಿಗೆ ಹೋಗಿ, ಅಕ್ಕಿ ಚೀಲಗಳ ಸಾಲಿನಲ್ಲಿ ನಿಂತು ಫೋನು ಎತ್ತುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಅಲ್ಲಿಯ ಕೆಲಸದ ಹುಡುಗಿ ಏನು ಬೇಕು ಎಂದು ಕೇಳಲು ಹತ್ತಿರ ಬಂದಳು. ಆಪಾ ಫೋನಿಗೆ, ಗಿರಾಕಿ ಬಂದಾರ, ಆಮ್ಯಾಲ ಮಾಡ್ತೀನಿ ಎಂದು ಹೇಳಿ ಇಟ್ಟು, ಆ ಹುಡುಗಿಗೆ ಏನೂ ಬೇಡ ಎಂದರು.

ತಂಗಿ ಬ್ರಿಟಿಷ್ ಪಾಸ್‌ಪೋರ್ಟಿನವರು. ಅವರಿಗೆ ಇಲ್ಲಿಗೆ ಬರಲು ವೀಸಾ ಬೇಕಿಲ್ಲ. ಬೆಳಿಗ್ಗೆ ಹಡಗು ಹತ್ತಿದರೆ ಮಧ್ಯಾಹ್ನದೊಳಗೆ ಡಬ್ಲಿನ್. ಮೊದಲೆಲ್ಲ ವರ್ಷಕ್ಕೊಮ್ಮೆಯಾದರೂ ಬಂದು ಹೋಗುತ್ತಿದ್ದರು, ಆಗೆಲ್ಲ ನಾನು ರಜೆಗೆ ಊರಿಗೆ ಹೋಗಿರುತ್ತಿದ್ದೆ. ಈಗ ಪ್ರತಿ ಈದಿಗೂ ಬರುತ್ತೇನೆ ಎನ್ನುವುದು, ಈ ಸಲ ಬ್ಯಾಡ, ಅಂಗಡಿಯಲ್ಲಿ ಗದ್ದಲ ಎಂದು ಆಪಾ ಮುಂದಕ್ಕೆ ಹಾಕುವುದು. ತಂಗಿಯೂ ಆಯಿತು ಎಂದು ಸುಮ್ಮನಾಗುವುದು. ಹೀಗೇ ಈದುಗಳು ಕಳೆದವು.

ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಆಪಾ ಒಂದು ಚಳಿಗಾಲ ಕಳೆದರು. ಆಸ್ಪತ್ರೆಗೆ ಹೋದಾಗ ಮೇದೋಜೀರಕದ ಕ್ಯಾನ್ಸರು ಎಲ್ಲ ಕಡೆ ಹರಡಿತ್ತು. ಅದನ್ನೂ ತಂಗಿಗೆ ಹೇಳಬೇಡಿ ಎಂದು ಗಂಡನಿಂದ ಆಣೆ ಹಾಕಿಸಿಕೊಂಡರು. ತಂಗಿ ಬಂದರೆ ಅಂಗಡಿ ಎಲ್ಲಿ ಎಂದು ಕೇಳುತ್ತಾಳೆ, ಮುಚ್ಚಿದ್ದು ಯಾಕೆ ಎಂದು ಕೇಳುತ್ತಾಳೆ. ಅವರ ಲೆಕ್ಕದಲ್ಲಿ ಕಾಯಿಲೆಗಿಂತ ಅದು ದೊಡ್ಡದಾಗಿತ್ತು. ವಿಡಿಯೊ ಬಿಟ್ಟು ಬರೀ ಮಾತಿನ ಕರೆಗೆ ಇಳಿದರು. ಫೋನು ಕೆಟ್ಟಿದೆ ಎಂದರು.

ಕೊನೆಯ ವಾರಗಳಲ್ಲಿ ವಾರ್ಡಿನ ಟಿವಿಯಲ್ಲಿ ಮತ್ತೆ ಅದೇ ಸುದ್ದಿ ಬರುತ್ತಿತ್ತು. ಇಂಗ್ಲೆಂಡಿನವರೂ ಒಕ್ಕೂಟದವರೂ ಮತ್ತೆ ಕೂತು ಮಾತಾಡುತ್ತಿದ್ದಾರೆ, ತಿನ್ನುವ ಪದಾರ್ಥಗಳ ತಪಾಸಣೆ ಕಡಿಮೆ ಮಾಡಲು ನೋಡುತ್ತಿದ್ದಾರೆ ಎಂದು. ಕೋಟು ಹಾಕಿದವರು ಕೈ ಕುಲುಕುತ್ತಿದ್ದರು. ಆಪಾ ದಿಂಬಿನ ಮೇಲೆ ತಲೆ ಹೊರಳಿಸಿ ಬಹಳ ಹೊತ್ತು ನೋಡಿದರು. “ದೊಡ್ಡ ಮಂದಿ ನೋಡವಾ. ಬಿಟ್ಟು ಹೋದರೂ ಕುಂತು ಮಾತಾಡ್ತಾರ” ಎಂದರು. ನಾನು ಆಗ ಮತ್ತೆ ಬೇಡಿಕೊಂಡೆ. “ಆಪಾ, ಫೋನ್ ಮಾಡ್ಲಾ ಅವ್ರಿಗೆ? ಬರ್ತಾರೆ. ನಾಳೆನೇ ಬರ್ತಾರೆ.” ಅವರು ನನ್ನ ಕೈ ಮೇಲೆ ಕೈಯಿಟ್ಟರು. ಕೈಯಲ್ಲಿ ತೂಕವೇ ಇರಲಿಲ್ಲ. ನೀನು ಆಗಲಿ ಅಂದೀಯಲ್ಲ ಎಂದರು. ಅಷ್ಟೇ.

ಒಂದು ಮಂಗಳವಾರ ಬೆಳಿಗ್ಗೆ ಹೋದರು. ನಾನು ತಲುಪುವ ಮೊದಲೇ ನರ್ಸು ಮೂಗುತಿಯನ್ನು ತೆಗೆದು ಅವರ ಗಂಡನ ಕೈಗೆ ಕೊಟ್ಟಿದ್ದಳು. ಆಮೇಲೆ ಗಂಡ ತಂಗಿಗೆ ಫೋನು ಮಾಡಿದರು. ಮಣ್ಣು ಮಾಡುವುದನ್ನು ನಮ್ಮಲ್ಲಿ ತಡ ಮಾಡುವುದಿಲ್ಲ ಎಂದು ಅವರು ನನಗೆ ಹೇಳಿದರು. ತಂಗಿ ಬಂದಿಳಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮಾರನೆಯ ದಿನ ಆಪಾ ಅವರ ಮನೆಗೆ ಹೋದೆ. ತಂಗಿಯದು ಆಪಾ ಅವರದೇ ಮುಖ, ಸ್ವಲ್ಪ ದುಂಡಗೆ. “ನೀ ಮೈಸೂರವ್ವ” ಎಂದರು ನೋಡಿದೊಡನೆ. ಖಬರಸ್ತಾನಕ್ಕೆ ಕರೆದುಕೊಂಡು ಹೋಗು ಎಂದರು. ದಾರಿಯಲ್ಲಿ ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಂಗಡಿ ಮುಚ್ಚಿದ್ದು ಕಾಯಿಲೆಯಿಂದ, ಅದಕ್ಕೆ ಮುಂಚೆ ಎಲ್ಲ ಚೆನ್ನಾಗಿತ್ತು, ಆ ಒಂದು ಲೋಡು ಮಾತ್ರ ಬಿರುಗಾಳಿಗೆ ಸಿಕ್ಕಿ ಎಂದು ಶುರು ಮಾಡಿದೆ.

“ಬ್ಯಾಡವಾ” ಎಂದರು ಅವರು. “ಲಾರಿಯಾಂವ ಆ ವಾರನ ಬಂದು ನನ್ನ ಗಂಡನ ಮುಂದ ಹೇಳಿದ್ದ.”

ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಅವರು ಮುಂದಿನ ಗಾಜಿನತ್ತ ನೋಡುತ್ತಲೇ ಹೇಳಿದರು. “ನಂಗ ಗೊತ್ತಾಗಬಾರದು ಅಂತ ಆಪಾಗ ಇತ್ತು. ಅದಕ್ಕ ನಂಗ ಗೊತ್ತಿದ್ದಿಲ್ಲ. ಆಕಿ ಗಿರಾಕಿ ಬಂದಾರ ಅಂತಿದ್ಲು, ನಾ ಹೂಂ ಅಂತಿದ್ದೆ. ಬಂದ್ರ ಅಂಗಡಿ ನೋಡಬೇಕಾಗ್ತದ, ನೋಡಿದ್ರ ಆಕಿ ಮಾರಿ ನೋಡಬೇಕಾಗ್ತದ. ಪಾಸ್‌ಪೋರ್ಟ್ ಐತಿ ನನ್ನ ಕಡೆ. ಯಾರೂ ತಡದಿದ್ದಿಲ್ಲ ನನ್ನ.”

ಖಬರಸ್ತಾನದಲ್ಲಿ ಕಲ್ಲು ಇನ್ನೂ ಇರಲಿಲ್ಲ, ಒಂದು ಮರದ ಹಲಗೆ ಇತ್ತು. ಮಣ್ಣು ಒದ್ದೆಯಾಗಿತ್ತು. ಅವರು ಚಪ್ಪಲಿ ಬಿಟ್ಟು ಕೂತು ದುವಾ ಮಾಡಿದರು. ಆಮೇಲೆ ಬಾಗಿ, ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ, ಆಪಾ, ನಂಗ ಗೊತ್ತಿತ್ತು ಎಂದರು. ಸ್ವಲ್ಪ ಹೊತ್ತು ಕಾದು ಮತ್ತೆ ಅದನ್ನೇ ಹೇಳಿದರು.

ನನಗೆ ತಿಂಗಳು ಪೂರ್ತಿ ಉಣಿಸಿದವರಿಗಾಗಿ ನಾನು ಮಾಡಿದ್ದು ಬಾಯಿ ಮುಚ್ಚಿಕೊಂಡಿದ್ದದ್ದು. ಅದನ್ನು ಅವರು ಕೇಳಿದ್ದರು, ನಾನು ಕೊಟ್ಟೆ. ಇದನ್ನು ಬರೆಯಬಹುದೇ ಎಂದು ಅವರ ತಂಗಿಯನ್ನು ಕೇಳಿದಾಗ, ಬರೆ, ಇನ್ನು ಯಾರಿಂದ ಮುಚ್ಚಿಡಬೇಕು ಎಂದರು.