ನಮ್ಮ ಬೀದಿಯ ಡೊಂಕು ಗಟಾರ

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆ ಬೀದಿಯ ಹೆಂಗಸರು ಬಸ್ಸು ಹತ್ತಿ ಬಂದು ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ದಾರಿಯಲ್ಲಿ ಬಸ್ಸು ನಿಲ್ಲುವ ಊರುಗಳಲ್ಲಿ ಅದೂ ಒಂದು ಅಂತ ಇಟ್ಟುಕೊಳ್ಳಿ, ಸಾಕು.

ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ನಾನು ಅಲ್ಲಿಗೆ ಸೊಸೆಯಾಗಿ ಹೋದೆ. ಗಂಡ ಹಡಗಲಿ ರೂಟಿನ ಬಸ್ಸಿನಲ್ಲಿ ಕಂಡಕ್ಟರು. ಬಂದಾಗಲೆಲ್ಲ ಮಲ್ಲಿಗೆ ತರುತ್ತಿದ್ದ, ಬರುವುದೇ ಅಪರೂಪವಾಗಿತ್ತು. ಹಾಗಾಗಿ ಮನೆಯಲ್ಲಿ ಅತ್ತೆ ಮತ್ತು ನಾನು, ಇಬ್ಬರೇ. ನಾನೋ ನಗು ಬಂದರೆ ಸೆರಗು ಬಾಯಿಗೆ ತುರುಕಿಕೊಂಡರೂ ತಡೆಯಲಾರದವಳು. ಅತ್ತೆ ನಕ್ಕಿದ್ದನ್ನು ಕಂಡವರು ಬೀದಿಯಲ್ಲಿ ಯಾರೂ ಇರಲಿಲ್ಲ.

ಮನೆಯ ಮುಂದೆ ಮೂರಡಿ ಅಗಲದ ಕಲ್ಲಿನ ಕಟ್ಟೆ, ಕಟ್ಟೆಯ ಎಡಮೂಲೆಯಲ್ಲಿ ಮಣ್ಣಿನ ಒಲೆ. ಸಂಜೆ ಐದಕ್ಕೆ ಅತ್ತೆ ಒಲೆ ಹಚ್ಚಿ ಎಣ್ಣೆ ಕಾಯಿಸಿದರೆಂದರೆ ಬೀದಿಯ ಆ ತುದಿಯವರೂ ಮೂಗು ಅರಳಿಸಿಕೊಂಡು ಬರುತ್ತಿದ್ದರು. ಮಿರ್ಚಿ ಬಜ್ಜಿ, ಜೊತೆಗೆ ಒಗ್ಗರಣೆ ಮಂಡಕ್ಕಿ. ಮಾವ ತೀರಿಕೊಂಡಾಗ ನನ್ನ ಗಂಡನಿಗೆ ನಾಲ್ಕು ವರ್ಷವಂತೆ. ಅವತ್ತಿನಿಂದ ಆ ಒಲೆಯೇ ಮನೆ ನಡೆಸಿದೆ, ಇಬ್ಬರು ನಾದಿನಿಯರ ಮದುವೆ ಮಾಡಿದೆ. ಮಿರ್ಚಿಯನ್ನು ಯಾರೂ ಒಳಗೆ ಬಂದು ಗೋಡೆ ನೋಡುತ್ತಾ ತಿನ್ನುವುದಿಲ್ಲ. ಕಟ್ಟೆಯ ಮೇಲೆ ಕೂತು, ಹೋಗಿಬರುವವರನ್ನು ಕೆಣಕುತ್ತಾ ತಿನ್ನಬೇಕು. ಕಟ್ಟೆ ಇಲ್ಲದಿದ್ದರೆ ಗಿರಾಕಿ ಇಲ್ಲ, ಗಿರಾಕಿ ಇಲ್ಲದಿದ್ದರೆ ಒಲೆ ಇಲ್ಲ.

ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದೆ ಅನ್ನುವ ಒಂದೇ ಕಾರಣಕ್ಕೆ ಊರಿನ ಪುರಸಭೆ ಕಚೇರಿಯಲ್ಲಿ ನನಗೆ ಟ್ರೇಸರ್ ಕೆಲಸ ಸಿಕ್ಕಿತು. ಕಾಮಗಾರಿ ನೋಡಿಕೊಳ್ಳುವ ಓವರ್‌ಸಿಯರು ಪೆನ್ಸಿಲ್ಲಿನಲ್ಲಿ ಗೀಚಿಕೊಟ್ಟ ನಕ್ಷೆಯ ಮೇಲೆ ತೆಳುವಾದ ಟ್ರೇಸಿಂಗ್ ಬಟ್ಟೆ ಹಾಸಿ, ಅದನ್ನೇ ಕಪ್ಪು ಮಸಿಯಲ್ಲಿ ನೆಟ್ಟಗೆ ತಿದ್ದುವುದು. ತಿದ್ದಿದ ಮೇಲೆ ಮಾಳಿಗೆ ಹತ್ತಿ, ಅದರಡಿ ಮದ್ದು ಹಚ್ಚಿದ ಕಾಗದ ಇಟ್ಟು ಬಿಸಿಲಿಗೆ ಹಿಡಿದು, ಆ ಕಾಗದವನ್ನು ನೀರಲ್ಲಿ ಅದ್ದಿ ನೀಲಿ ಪ್ರತಿ ತೆಗೆಯುವುದು. ನಮ್ಮ ಕಡೆ ಬಿಸಿಲಿಗೇನು ಬರವೇ? ಎರಡು ನಿಮಿಷದಲ್ಲಿ ನಕ್ಷೆ ಬರುತ್ತಿತ್ತು, ಮೂರನೆಯ ನಿಮಿಷಕ್ಕೆ ಕಾಲು ಸುಟ್ಟು ನಾನು ಕುಣಿಯುತ್ತಿದ್ದೆ.

ಮನೆ ಕಟ್ಟುವವರ ಪರವಾನಗಿ ಅರ್ಜಿಗಳೂ ನನ್ನ ಮೇಜಿಗೇ ಬರುತ್ತಿದ್ದವು. ಆ ನಕ್ಷೆಗಳನ್ನು ನೋಡಿದರೆ ನಗು ಬರುತ್ತಿತ್ತು. ಒಂದರಲ್ಲಾದರೂ ಕಟ್ಟೆ ಇರಲಿ! ಪಡಸಾಲೆ, ಅಡುಗೆಮನೆ, ದನದ ಕೊಟ್ಟಿಗೆ ಎಲ್ಲ ಅಚ್ಚುಕಟ್ಟು, ಗೋಡೆ ಮುಗಿದಲ್ಲಿ ರಸ್ತೆ ಶುರು. ಪರವಾನಗಿ ಸಿಕ್ಕ ವಾರಕ್ಕೆ ಹೋಗಿ ನೋಡಿದರೆ ಗೋಡೆಯಿಂದ ಮೂರಡಿ ಆಚೆ ಕಟ್ಟೆ ಬಂದು ಕೂತಿರುತ್ತಿತ್ತು. ನಕ್ಷೆಯಲ್ಲಿ ಕಟ್ಟೆ ಇರುವುದಿಲ್ಲ, ಕಟ್ಟೆ ಇಲ್ಲದ ಮನೆ ಊರಲ್ಲಿ ಇರುವುದಿಲ್ಲ. ಇದು ಓವರ್‌ಸಿಯರಿಗೂ ಗೊತ್ತಿತ್ತು. ಅವರೂ ಸಂಜೆ ನಮ್ಮ ಕಟ್ಟೆಯ ಮೇಲೇ ಕೂತು ನಾಲ್ಕು ಮಿರ್ಚಿ ತಿನ್ನುತ್ತಿದ್ದರು.

ನಮ್ಮ ಕಚೇರಿಯ ವರ್ಷದಲ್ಲಿ ಹತ್ತು ತಿಂಗಳು ಬರೀ ಕಾಗದ ಓಡಾಡುತ್ತಿತ್ತು, ಫೆಬ್ರವರಿ ಬಂದ ಮೇಲೆ ಮನುಷ್ಯರು ಓಡಾಡುತ್ತಿದ್ದರು. ಮಾರ್ಚ್ ಮುಗಿಯುವುದರೊಳಗೆ ವರ್ಷದ ಕೆಲಸವೆಲ್ಲ ಆಗಲೇಬೇಕು, ಇಲ್ಲದಿದ್ದರೆ ಮಂಜೂರಾದ ಹಣ ವಾಪಸು. ಆ ವರ್ಷ ನಮ್ಮ ಬೀದಿಯ ಸರದಿ. ರಸ್ತೆ ಅಗಲ ಮಾಡಿ, ಎರಡೂ ಬದಿಗೆ ಕಲ್ಲಿನ ಗಟಾರ ಕಟ್ಟುವುದು. ಓವರ್‌ಸಿಯರು ಕೊಟ್ಟ ಪೆನ್ಸಿಲ್ ಗೆರೆಯ ಮೇಲೆ ಮಸಿ ಎಳೆಯುತ್ತಾ ಹೋದೆ. ಒಂದೊಂದೇ ಮನೆ ಎಣಿಸುತ್ತಾ ನಮ್ಮ ಮನೆಗೆ ಬಂದೆ. ಗೆರೆ ನಮ್ಮ ಗೋಡೆಗೆ ಅಂಟಿಕೊಂಡೇ ಹೋಗುತ್ತಿತ್ತು. ಕಟ್ಟೆ ಪೂರ್ತಿ ರಸ್ತೆಗೆ ಹೋಗುತ್ತದೆ! ನಾನು ಎರಡು ಸಲ ಅಳೆದು ನೋಡಿದೆ. ಅಳತೆ ಸರಿಯಿತ್ತು. ಗೆರೆ ಎಳೆದೆ.

ರಾತ್ರಿ ಊಟಕ್ಕೆ ಕೂತಾಗ ಅತ್ತೆಗೆ ಹೇಳಿದೆ. ಬೈಯುತ್ತಾರೆ, ಮಾರಿಹಬ್ಬ ಮಾಡುತ್ತಾರೆ ಅಂದುಕೊಂಡು ಬಾಗಿಲ ಹತ್ತಿರವೇ ತಟ್ಟೆ ಇಟ್ಟುಕೊಂಡಿದ್ದೆ. ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಒಂದೇ ಮಾತು ಕೇಳಿದರು.

"ಅಳತಿ ಸರಿಯಾಗಿ ಹಾಕೀಯೇನು?"

"ಹೂನ್ರಿ ಅತ್ತಿ."

"ಹಂಗಾರ ನಿಂದೇನು ತಪ್ಪಿಲ್ಲ. ಉಣ್ಣು."

ಬೈದಿದ್ದರೆ ಚೆನ್ನಾಗಿತ್ತು. ಅವತ್ತು ರೊಟ್ಟಿಗೆ ಕಣ್ಣೀರೇ ಪಲ್ಯವಾಯಿತು.

ಮರುದಿನ ಸಂಜೆ ಓವರ್‌ಸಿಯರು ಆಳುಗಳನ್ನು ಕರೆತಂದು ಬೀದಿಯುದ್ದಕ್ಕೂ ಸುಣ್ಣದ ಪುಡಿಯ ಗೆರೆ ಹಾಕಿಸಿದರು. ಗೆರೆ ಕಟ್ಟೆಗಳ ಮೇಲೆ ಹತ್ತಿ ಇಳಿದು, ನಮ್ಮ ಒಲೆಯ ಬೆನ್ನಿಗೆ ತಾಗಿಕೊಂಡು ಹೋಯಿತು. ಬೆಳಿಗ್ಗೆ ಅವರು ಬಂದು ನೋಡಿದರೆ ಗೆರೆಯೇ ಇಲ್ಲ. ಇರುವುದಾದರೂ ಹೇಗೆ? ಕೋಳಿ ಕೂಗುವ ಹೊತ್ತಿಗೆ ಬೀದಿಯ ಹೆಂಗಸರೆಲ್ಲ ಎದ್ದು, ಕಟ್ಟೆ ತೊಳೆದು, ಸಗಣಿ ನೀರು ಹೊಡೆದು, ರಂಗೋಲಿ ಹಾಕಿ ಮುಗಿಸಿದ್ದರು. ಯಾರಿಗೂ ದುರುದ್ದೇಶ ಇರಲಿಲ್ಲ. ನಿತ್ಯದ ಕೆಲಸ, ಅಷ್ಟೇ. ಓವರ್‌ಸಿಯರು ಮತ್ತೆ ಸುಣ್ಣ ಹಾಕಿಸಿದರು, ಮತ್ತೆ ಬೆಳಗಾಯಿತು, ಮತ್ತೆ ಸಗಣಿ ನೀರು ಬಿತ್ತು. ಗೂಟ ಹೊಡೆಸಿದರೆ ಆಡು ಕಟ್ಟಿದರು, ಆಡು ಗೂಟ ಕಿತ್ತುಕೊಂಡು ಹೋಯಿತು. ಕಟ್ಟೆಗಳಿಗೆ ಕೆಂಪು ಗುರುತು ಹಚ್ಚಿಸಿದರೆ ಶುಕ್ರವಾರ ಅಂತ ಹೇಳಿ ಇಡೀ ಕಟ್ಟೆಗೇ ಕೆಮ್ಮಣ್ಣು ಬಳಿದರು. ಗುರುತು ಹುಡುಕುತ್ತಾ ಓವರ್‌ಸಿಯರು ಮೊಣಕಾಲೂರಿ ಕಟ್ಟೆಯನ್ನು ಮೂಸುವುದನ್ನು ನೋಡಿ ನಾನು ಒಳಗೆ ಓಡಿಹೋಗಿ, ಹಿಟ್ಟಿನ ಡಬ್ಬಿಯ ಹಿಂದೆ ಕೂತು ನಕ್ಕೆ.

ಕೊನೆಗೆ ಅವರಿಗೊಂದು ಉಪಾಯ ಹೊಳೆಯಿತು. ಬೀದಿಯ ಹೆಂಗಸರನ್ನೆಲ್ಲ ಸೇರಿಸಿ, ಅಳಿಸುವವರೂ ನೀವೇ, ಹಾಕುವವರೂ ನೀವೇ ಆಗಿರಿ ಅಂದರು. ಸಂಜೆ ಸುಣ್ಣದ ಗೆರೆ ಎಲ್ಲಿತ್ತು ನೋಡಿಟ್ಟುಕೊಂಡು, ಬೆಳಿಗ್ಗೆ ನೀರು ಹೊಡೆದ ಮೇಲೆ ಅಲ್ಲೇ ಒಂದೆಳೆ ರಂಗೋಲಿ ಎಳೆಯಬೇಕು. ಗಟಾರ ಕಟ್ಟುವ ಮೇಸ್ತ್ರಿ ಬಂದಾಗ ಆ ಗೆರೆ ಹಿಡಿದು ಅಗೆಯುತ್ತಾನೆ. ಗುರುತು ಸರಿಯಿದೆಯೋ ಇಲ್ಲವೋ ನೋಡಿಕೊಳ್ಳುವ ಜವಾಬ್ದಾರಿ ನನ್ನದು. ಇಷ್ಟು ಹೇಳಿ, ತಂಗಿಯ ಮದುವೆಗೆ ಅರಸೀಕೆರೆಗೆ ಹದಿನೈದು ದಿನ ರಜೆ ಹಾಕಿ ಹೋದರು.

ಮೊದಲೆರಡು ದಿನ ಗೆರೆ ಇರಬೇಕಾದಲ್ಲೇ ಇತ್ತು. ಮೂರನೆಯ ದಿನ ಶುಕ್ರವಾರ. ಅತ್ತೆ ಕಟ್ಟೆಗೆ ಕೆಮ್ಮಣ್ಣು ಬಳಿದು, ಅಂಗಳ ಸಾರಿಸಿ, ರಂಗೋಲಿ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ಅವತ್ತಿನವರೆಗೆ ಅದನ್ನು ಯಾರ ಕೈಗೂ ಕೊಟ್ಟವರಲ್ಲ.

"ನಿನ್ನ ಗೆರಿ ನೆಟ್ಟಗಿರ್ತಾವು. ನೀನ ಹಾಕು."

ಅಷ್ಟು ಹೇಳಿ ಒಳಗೆ ಹೋದರು. ಒಲೆ ತೊಳೆದು ಒಣಗಲು ಬಿಟ್ಟಿತ್ತು. ಹೊಸ ಕೆಮ್ಮಣ್ಣಿನ ಮೇಲೆ ಅತ್ತೆಯ ಐದು ಬೆರಳು ಎಳೆದ ಗುರುತು ಇನ್ನೂ ಹಸಿಯಾಗಿತ್ತು. ನಾನು ಒಂದು ಚಿಟಿಕೆ ಪುಡಿ ಹಿಡಿದು ಒಲೆಯ ಹಿಂದೆ ಬಗ್ಗಿದೆ. ಕೈ ತಾನಾಗಿ ಕೆಳಗೆ ಇಳಿಯಿತು ಎಂದರೆ ಸುಳ್ಳು ಹೇಳಿದಂತೆ. ನಾನೇ ಇಳಿಸಿದೆ. ಕಟ್ಟೆಯಿಂದ ಕೆಳಗೆ ಬಂದು, ಕಟ್ಟೆಯನ್ನು ಬಳಸಿಕೊಂಡು ನೆಲದ ಮೇಲೆ ಗೆರೆ ಎಳೆದೆ, ಎರಡು ಮೂಲೆಗೂ ಒಂದೊಂದು ಹೂವು ಬರೆದೆ. ಎದ್ದು ನಿಂತಾಗ ತಡೆಯಲಾರದಷ್ಟು ಖುಷಿ!

ನಮ್ಮ ಒಂದು ಕಟ್ಟೆ ಉಳಿದರೆ ಸಾಕು ಅಂದುಕೊಂಡಿದ್ದೆ. ಆದರೆ ನಾನು ಕಚೇರಿಯವಳು! ಎದುರು ಮನೆಯಾಕೆ ನೋಡಿದಳು, ಆಫೀಸಿನಾಕಿಯೇ ಹೀಗೆ ಹಾಕಿದ್ದಾಳೆಂದರೆ ಹೊಸ ಆರ್ಡರ್ ಬಂದಿರಬೇಕು ಅಂದಳು, ತಾನೂ ಕಟ್ಟೆ ಬಳಸಿ ಹಾಕಿದಳು. ಅವಳನ್ನು ನೋಡಿ ಪಕ್ಕದವಳು. ಶನಿವಾರ ಬೆಳಗಾಗುವಷ್ಟರಲ್ಲಿ ಬೀದಿಯ ಎರಡೂ ಬದಿಯ ಗೆರೆ ಹಾವು ಹರಿದಂತೆ ಕಟ್ಟೆ ಕಟ್ಟೆಗೂ ಸುತ್ತಿಕೊಂಡು ಹೋಗಿತ್ತು. ಮೂಲೆಯ ಸೈಕಲ್ ಅಂಗಡಿಯ ಸಾಬರು ಟೋಪಿ ಸರಿಮಾಡಿಕೊಂಡು ಬಂದು, ನಮ್ಮ ಮನೆಯಲ್ಲಿ ರಂಗೋಲಿ ಹಾಕುವವರಿಲ್ಲ, ನಮ್ಮ ಅಂಗಡಿಯ ಕಟ್ಟೆಗೂ ನೀವೇ ಒಂದು ಗೆರೆ ಹಾಕಿಕೊಡಿ ಅಂತ ಅತ್ತೆಯನ್ನು ಕೇಳಿದರು. ಅತ್ತೆ ಹೋಗಿ, ಪಂಕ್ಚರ್ ನೋಡುವ ನೀರಿನ ತೊಟ್ಟಿಯನ್ನೂ ಬಳಸಿ ಹಾಕಿಕೊಟ್ಟು ಬಂದರು.

ಸೋಮವಾರ ಹಗರಿಬೊಮ್ಮನಹಳ್ಳಿ ಕಡೆಯಿಂದ ಮೇಸ್ತ್ರಿ ತನ್ನ ಆಳುಗಳ ಜೊತೆ ಬಂದ. ಗೆರೆ ನೋಡಿ ತಲೆ ಕೆರೆದುಕೊಂಡು, ಇದೇನು ಗಟಾರವೋ ಜಿಲೇಬಿಯೋ ಅಂತ ನನ್ನನ್ನು ಕೇಳಿದ. ನಕ್ಷೆ ನನ್ನ ಕಂಕುಳಲ್ಲೇ ಇತ್ತು. ಬಿಚ್ಚಿ ತೋರಿಸಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ನಾನು ಬಿಚ್ಚಲಿಲ್ಲ, ಹೆಂಗಸರನ್ನೇ ಕೇಳು ಅಂದೆ. ಅವರೆಲ್ಲ ಒಂದೇ ದನಿಯಲ್ಲಿ ಇದೇ ಆರ್ಡರ್ ಅಂದರು. ಅವನ ಆಳುಗಳಾದರೂ ರಂಗೋಲಿ ತುಳಿಯುವವರಲ್ಲ. ಗೆರೆಯಿಂದ ಗೇಣು ಆಚೆ ನಿಂತು, ಕಾಲು ಸೋಕದಂತೆ ಅಗೆದರು, ಕಲ್ಲು ಜೋಡಿಸಿದರು. ವಾರದಲ್ಲಿ ಗಟಾರ ಮುಗಿಯಿತು. ಅಷ್ಟು ಸೊಗಸಾಗಿ ಬಳುಕುವ ಗಟಾರ ಐದು ತಾಲೂಕಿನಲ್ಲಿ ಇನ್ನೊಂದಿರಲಿಲ್ಲ.

ರಜೆ ಮುಗಿಸಿ ಓವರ್‌ಸಿಯರು ಬಸ್ಸಿಳಿದು ನೇರ ಬೀದಿಗೆ ಬಂದರು. ಕೈಯಲ್ಲಿ ಮದುವೆಯ ಬುಂದಿಲಾಡಿನ ಪೊಟ್ಟಣ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಗಟಾರದ ಅಂಚಿನಲ್ಲೇ ನಡೆದರು. ಹಾಗೆ ನಡೆಯುವಾಗ ಅವರೂ ಕಟ್ಟೆಗೊಂದು ಸಲ ಬಳುಕಬೇಕಾಯಿತು. ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಕೆಲಸ ಹೋಯಿತು, ಗಟಾರ ಕೀಳಿಸುತ್ತಾರೆ, ಕಟ್ಟೆಯೂ ಹೋಗುತ್ತದೆ ಅಂತ ಲೆಕ್ಕ ಹಾಕುತ್ತಾ ನಿಂತೆ. ಅವರು ನಮ್ಮ ಕಟ್ಟೆಯ ಮುಂದೆ ನಿಂತು, ಮೊದಲು ಹೀಗೆ ಗೆರೆ ಹಾಕಿದವರು ಯಾರು ಅಂತ ಕೇಳಿದರು.

"ನಾನ್ರಿ" ಅಂದೆ.

ಒಲೆಯ ಮುಂದಿನಿಂದ ಅತ್ತೆ ಜಾಲರಿ ಸೌಟು ಎತ್ತಿದರು. "ನಾ ಹಾಕಿಸೀನ್ರಿ ಸಾಹೇಬ್ರ. ನನ್ನ ಸೊಸಿ ನಾ ಹೇಳಿದ್ದು ಮೀರಾಕಿ ಅಲ್ಲ."

ನಾನು ಅವರ ಮಾತು ಕೇಳುವವಳಲ್ಲ ಅಂತ ಇಡೀ ಬೀದಿಗೆ ಗೊತ್ತಿತ್ತು. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು ನನಗಾಗಿ ಹೇಳಿದ್ದು ಅದೊಂದೇ ಸುಳ್ಳು. ಅತ್ತೆ ನಾಲ್ಕು ಮಿರ್ಚಿಯನ್ನು ಕಾಗದದಲ್ಲಿ ಹಾಕಿ ಮುಂದೆ ಹಿಡಿದರು. ಓವರ್‌ಸಿಯರು ಅದನ್ನು ನೋಡಿದರು, ಗಟಾರವನ್ನು ನೋಡಿದರು, ಮಾರ್ಚ್ ಮುಗಿಯಲು ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದರು. ಬೆರಳು ಹೆಚ್ಚೇನೂ ಮಡಿಸಬೇಕಾಗಲಿಲ್ಲ. ಆಮೇಲೆ ತಮ್ಮ ಎಂದಿನ ಜಾಗದಲ್ಲಿ ಕೂತರು. ಎರಡು ಮಿರ್ಚಿ ಮುಗಿದ ಮೇಲೆ ಬಾಯಿ ಬಿಟ್ಟರು.

"ಈ ಕಟ್ಟೆ ಹೋಗಿದ್ರೆ ನಾನಾದ್ರೂ ಎಲ್ಲಿ ಕೂರ್ತಿದ್ದೆ? ನಾಳೆ ಹೊಸಾ ಟ್ರೇಸಿಂಗ್ ಬಟ್ಟೆ ಹಾಸಮ್ಮ. ನೆಲದ ಮ್ಯಾಲೆ ಹೆಂಗೈತೋ ಹಂಗೇ ನಕ್ಷೆ ತೆಗಿ."

ಎರಡು ದಿನ ಕೂತು ತೆಗೆದೆ. ನೆಟ್ಟಗೆ ಎಳೆಯಲು ಕಲಿತಿದ್ದ ಕೈಗೆ ಅಷ್ಟು ಬಳುಕು ಬರೆಯುವುದೆಂದರೆ ಹಬ್ಬ. ಆ ಬೀದಿಯ ಕಟ್ಟೆಗಳೆಲ್ಲ ಮೊದಲ ಸಲ ಕಚೇರಿಯ ನಕ್ಷೆಯಲ್ಲಿ ಬಂದು ಕೂತವು. ಸಹಿ ಬಿದ್ದ ಮೇಲೆ ಒಂದು ನೀಲಿ ಪ್ರತಿಯನ್ನು ಮನೆಗೆ ತಂದು ಅತ್ತೆಯ ಮುಂದೆ ಹಾಸಿದೆ. ಅತ್ತೆಗೆ ಓದಲು ಬರುತ್ತಿರಲಿಲ್ಲ. ನಮ್ಮ ಕಟ್ಟೆಯ ಮೇಲೆ ಅವರ ಬೆರಳು ಹಿಡಿದು ಇಟ್ಟೆ. ಬಹಳ ಹೊತ್ತು ನೋಡಿದರು.

"ಒಲಿ ಎಲ್ಲೈತಿ?"

ನಕ್ಷೆಯಲ್ಲಿ ಒಲೆ ತೋರಿಸುವ ಪದ್ಧತಿ ಎಲ್ಲಿಯೂ ಇಲ್ಲ. ಮರುದಿನ ಕಚೇರಿಗೆ ಹೋಗಿ, ಅಸಲು ನಕ್ಷೆಯಲ್ಲೇ ನಮ್ಮ ಕಟ್ಟೆಯ ಎಡಮೂಲೆಗೆ ಒಂದು ಪುಟ್ಟ ಸೊನ್ನೆ ಸುತ್ತಿ, ಹೊಸ ಪ್ರತಿ ತೆಗೆದು ತಂದೆ. ಅತ್ತೆ ಆ ಸೊನ್ನೆಯನ್ನು ಬೆರಳಿಂದ ಮುಟ್ಟಿ ನಕ್ಕರು. ಹಲ್ಲು ಕಾಣುವ ಹಾಗೆ ನಕ್ಕರು! ನಾನು ಬಿದ್ದೂ ಬಿದ್ದೂ ನಕ್ಕೆ, ನಗುತ್ತಾ ಅತ್ತುಬಿಟ್ಟೆ.

ಐದಾರು ವರ್ಷದ ಮೇಲೆ ಹೊಸಬರು ಯಾರೋ ಊರಿಗೆ ಹೊಸ ಯೋಜನೆ ಮಾಡಲು ಬಂದರು. ನಮ್ಮ ಬೀದಿಯನ್ನು ಮತ್ತೆ ಅಗಲ ಮಾಡುವ ಮಾತು ಎದ್ದಿತ್ತು. ಹಳೆಯ ನಕ್ಷೆ ಹಿಡಿದು ಒಬ್ಬ ಹುಡುಗ ಎಂಜಿನಿಯರು ಸಂಜೆ ನಮ್ಮ ಮನೆಯ ಮುಂದೆ ನಿಂತ. ನಕ್ಷೆಯಲ್ಲಿ ಸೊನ್ನೆ ಎಂದರೆ ಬಾವಿ. ಕುಡಿಯುವ ನೀರಿನ ಬಾವಿಯನ್ನು ಮುಚ್ಚುವ ಹಾಗಿಲ್ಲ, ಅದನ್ನು ಬಿಟ್ಟೇ ಗೆರೆ ಎಳೆಯುತ್ತೇವೆ, ಬಾವಿ ಎಲ್ಲಿದೆ ತೋರಿಸಿ ಅಂತ ಅತ್ತೆಯನ್ನು ಕೇಳಿದ. ಬಾಗಿಲಲ್ಲಿ ನಿಂತಿದ್ದ ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಅತ್ತೆ ಒಲೆಗೆ ಒಂದು ಕಟ್ಟಿಗೆ ಮುಂದೂಡಿ, ಕಟ್ಟೆಯ ಮೇಲೆ ಅವನಿಗೆ ಜಾಗ ಮಾಡಿದರು.

"ನೀರು ಕೇಳಬ್ಯಾಡಪ್ಪ. ಎಣ್ಣಿ ಕಾದೈತಿ, ಕುಂದ್ರು."