ಎರಡು ಅನಿಲಗಳ ಲೆಕ್ಕ

ನಮ್ಮ ಕೆಮಿಸ್ಟ್ರಿ ಮೇಷ್ಟ್ರನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ನಲವತ್ತರ ದಶಕದಲ್ಲಿ ನಾನು ದೊಡ್ಡಬಳ್ಳಾಪುರದಿಂದ ದಿನವೂ ರೈಲಿನಲ್ಲಿ ಬೆಂಗಳೂರಿನ ಕಾಲೇಜಿಗೆ ಹೋಗುತ್ತಿದ್ದೆ. ಮೇಷ್ಟ್ರದೂ ನಮ್ಮೂರೇ, ಅದೇ ರೈಲು. ಹಳೇ ನೋಟ್‌ಬುಕ್ ಹಿಡಿದು ಅವರು ಬರೆಸುವುದು, ನಾವು ಒಂದಕ್ಷರ ಬಿಡದೆ ಬರೆದುಕೊಳ್ಳುವುದು. ಪಾಠ ಎಂದರೆ ಅಷ್ಟೇ.

ಅದರಲ್ಲೊಂದು ಲೆಕ್ಕ. ಬಣ್ಣವಿಲ್ಲದ ಅನಿಲದ ಒಂದು ಅಣು ಒಡೆದು ಕಂದು ಅನಿಲದ ಎರಡು ಅಣುಗಳಾಗುತ್ತದೆ. ಸಮತೋಲಕ್ಕೆ ಬಂದಾಗ ಮೊದಲನೆಯದರ ಭಾಗಶಃ ಒತ್ತಡ ಪಾಯಿಂಟ್ ಎಂಟು, ಎರಡನೆಯದರದು ಪಾಯಿಂಟ್ ನಾಲ್ಕು. ಸಮತೋಲ ಸ್ಥಿರಾಂಕ ಎಷ್ಟು? ಹುಟ್ಟುವುದು ಎರಡು ಅಣು, ಆದ್ದರಿಂದ ಪಾಯಿಂಟ್ ನಾಲ್ಕನ್ನು ಅದರಿಂದಲೇ ಗುಣಿಸಿ, ಆಮೇಲೆ ಪಾಯಿಂಟ್ ಎಂಟರಿಂದ ಭಾಗಿಸಬೇಕು. ಉತ್ತರ ಪಾಯಿಂಟ್ ಎರಡು. ಮೇಷ್ಟ್ರು ಗುಣಿಸುವುದನ್ನೇ ಮರೆತು ಪಾಯಿಂಟ್ ಐದು ಎಂದು ಬರೆಸಿದ್ದರು. ಟೆಸ್ಟಿನಲ್ಲಿ ನಾನು ಸರಿಯಾದದ್ದನ್ನು ಬರೆದೆ. ಸೊನ್ನೆ ಸುತ್ತಿದರು, ಫೇಲಾದೆ. ಫೇಲಾದವರನ್ನು ಪಬ್ಲಿಕ್ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ.

ನಮ್ಮೂರ ಸ್ಟೇಷನ್ನಿನಲ್ಲೇ ಹಿಡಿದು ಕೇಳಿದೆ. “ಸಾರ್, ಗುಣಿಸ್ಬೇಕಲ್ವಾ ಸಾರ್?”

“ಏನಪ್ಪಾ, ಇಷ್ಟು ವರ್ಷ ನಾನು ಬರೆಸಿರೋದು ಸುಳ್ಳಾ? ನಿಮ್ಮಪ್ಪನ್ನ ಕರ್ಕೊಂಡು ಬಾ.”

ಅಪ್ಪ ಮಗ್ಗದ ಕೆಲಸದವರು, ಓದು ಬರದು. ಲೆಕ್ಕ ಬಿಡಿಸಿ ಹೇಳಿದೆ. ಕೇಳಿಸಿಕೊಳ್ಳಲೇ ಇಲ್ಲ. “ಮೇಷ್ಟ್ರಿಗೇ ಎದುರು ಮಾತಾಡ್ತೀಯೇನ್ಲಾ?” ಎಂದು ಗದರಿ, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಅವರ ಮನೆಗೆ ಎಳೆದುಕೊಂಡು ಹೋದರು. ಕಾಲಿಗೆ ಬೀಳಿಸಿದರು. ಹಲ್ಲು ಕಚ್ಚಿಕೊಂಡು ಬಿದ್ದೆ. ಮೇಷ್ಟ್ರು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, “ಹೋಗ್ಲಿ ಬಿಡಿ, ಇನ್ನೊಂದ್ಸಲ ಬರೀಲಿ” ಎಂದರು.

ಮರುದಿನ ಅದೇ ಲೆಕ್ಕ ಕೊಟ್ಟರು. ಬೇಕೆಂದೇ ಕೊಟ್ಟರು, ಎದುರಿಗೇ ಕೂತರು. ಸಿಟ್ಟಿಗೆ ಪೆನ್ನಿನ ಮುಳ್ಳು ಕಾಗದವನ್ನು ಹರಿಯಿತು. ಒಂದು ವರ್ಷ ಹೋಗುತ್ತದೆಂಬ ಭಯಕ್ಕೆ ಪಾಯಿಂಟ್ ಐದು ಎಂದು ಬರೆದೆ. ಹತ್ತಕ್ಕೆ ಹತ್ತು ಕೊಟ್ಟರು.

ಅಪ್ಪ ಆ ಕಾಗದವನ್ನು ಮಗ್ಗದ ಹತ್ತಿರ ಬಂದವರಿಗೆಲ್ಲ ತೋರಿಸಿದರು. ಆಮೇಲೆ ನನ್ನನ್ನೇ ಕರೆದು, “ಏನು ಬರ್ದಿದೀಯೋ, ಇವರಿಗೂ ಒಸಿ ಓದಿ ಹೇಳಪ್ಪಾ” ಎಂದರು. ಹರಿದು ಬಿಸಾಡೋಣ ಎನ್ನಿಸುವಷ್ಟು ಕೋಪವಿತ್ತು. ಓದಿದೆ. ಮೊದಲ ಸಾಲಿನಿಂದ ಪಾಯಿಂಟ್ ಐದರ ತನಕ ಗಟ್ಟಿಯಾಗಿ ಓದಿದೆ. ಅಪ್ಪ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡರು.